ಮನುಷ್ಯನ ಮಗು ಅವಧಿಗೆ ಮೊದಲೇ ಹುಟ್ಟುತ್ತದೆಯೇ?

ಅಂತರಘಟ್ಟೆ, ಅಜ್ಜಂಪುರದ ಕಡೆ ಅಮೃತಮಹಲ್ ತಳಿಯ ದನಗಳು ಹೆಸರುವಾಸಿ. ಅಲ್ಲಿಯ ವಿದ್ಯಾರ್ಥಿಗಳಿಗೆ ಹಸು ಕರು ಹಾಕುವುದು ಹೊಸ ನೋಟವಲ್ಲ. ತಾಯಿ ನೆಕ್ಕುತ್ತಿರುವಾಗಲೇ ಕರು ಏಳಲು ಹವಣಿಸುತ್ತದೆ. ಒಂದೆರಡು ಗಂಟೆಯೊಳಗೆ ನಿಂತು ಕೆಚ್ಚಲು ಹುಡುಕುತ್ತದೆ. ಹಸುವಿನ ಗರ್ಭಾವಧಿ ಸುಮಾರು 280 ದಿನ. ಮನುಷ್ಯರದೂ ಒಂಬತ್ತು ತಿಂಗಳೇ. ಆದರೂ ನಮ್ಮ ಮಗುವಿಗೆ ಕತ್ತು ನಿಲ್ಲಲು ತಿಂಗಳುಗಳೇ ಬೇಕು. ಏಕೆ?

ತರಗತಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಇದು: ಮಾನವ ಎರಡು ಕಾಲ ಮೇಲೆ ನಡೆಯತೊಡಗಿದಾಗ ಶ್ರೋಣಿ ಇಕ್ಕಟ್ಟಾಯಿತು, ಇತ್ತ ಮಿದುಳು ದೊಡ್ಡದಾಯಿತು. ಆದ್ದರಿಂದ ತಲೆ ಇನ್ನೂ ಬಲಿಯುವ ಮೊದಲೇ ಮಗು ಹುಟ್ಟಬೇಕಾಯಿತು. 1960ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಶೆರ್ವುಡ್ ವಾಶ್‌ಬರ್ನ್ ಮಂಡಿಸಿದ ವಾದವಿದು. ಪಾಠ ಹೇಳಲು ಬಹಳ ಅನುಕೂಲ. ಸ್ತ್ರೀಯ ದೇಹವೇ ಒಂದು ಅರೆಕೊರೆ ರಾಜಿ ಎಂಬ ಭಾವನೆಯನ್ನೂ ಅದು ಸದ್ದಿಲ್ಲದೆ ಕಲಿಸುತ್ತದೆ ಎನ್ನುವುದು ಬೇರೆ ಮಾತು.

ಇದಕ್ಕೆ ಕೊಡುವ ಮುಖ್ಯ ಸಾಕ್ಷ್ಯ ಒಂದು ಅನುಪಾತ. ಹುಟ್ಟಿದಾಗ ಚಿಂಪಾಂಜಿ ಮರಿಯ ಮಿದುಳು ವಯಸ್ಕ ಗಾತ್ರದ ಸುಮಾರು ಶೇಕಡ 40ರಷ್ಟಿರುತ್ತದೆ. ಮನುಷ್ಯ ಶಿಶುವಿನದು ಶೇಕಡ 30ನ್ನೂ ಮುಟ್ಟುವುದಿಲ್ಲ. ಹಾಗಾದರೆ ನಮ್ಮದು ಅಪೂರ್ಣ ಮಿದುಳು ಎಂದು ತೀರ್ಮಾನ! ಆದರೆ ಭಿನ್ನರಾಶಿಗೆ ಅಂಶವೂ ಇದೆ, ಛೇದವೂ ಇದೆ. ಚಿಂಪಾಂಜಿ ಮರಿಯ ಮಿದುಳು ಸುಮಾರು 150 ಗ್ರಾಂ. ನಮ್ಮ ಶಿಶುವಿನದು 350ರಿಂದ 400 ಗ್ರಾಂ. ಇದು ಬೆಳೆದ ಚಿಂಪಾಂಜಿಯ ಮಿದುಳಿಗೆ ಸಮ. ಬೆಳೆದ ಹಸುವಿನ ಮಿದುಳಿಗೂ (ಸುಮಾರು 450 ಗ್ರಾಂ) ತೀರಾ ಕಡಿಮೆಯೇನಲ್ಲ. ಚಿಂಪಾಂಜಿಯ ಗರ್ಭಾವಧಿ ಎಂಟು ತಿಂಗಳೂ ಇಲ್ಲ, ನಮ್ಮದು ಅದಕ್ಕಿಂತ ದೀರ್ಘ. ಶೇಕಡಾವಾರು ಇಳಿದದ್ದು ಅಂಶ ಕುಗ್ಗಿದ್ದರಿಂದಲ್ಲ. 1300 ಗ್ರಾಂ ದಾಟುವ ವಯಸ್ಕ ಮಿದುಳು ಛೇದವನ್ನು ಹಿಗ್ಗಿಸಿದ್ದರಿಂದ.

2023ರಲ್ಲಿ ಐಡಾ ಗೋಮೆಸ್-ರೋಬ್ಲೆಸ್ ಮತ್ತು ಸಂಗಡಿಗರು 140 ಸಸ್ತನಿ ಪ್ರಭೇದಗಳನ್ನು ಹೋಲಿಸಿ ಇದೇ ನಿಲುವಿಗೆ ಬಂದರು: ಇತರ ಸಸ್ತನಿಗಳ ಲೆಕ್ಕದಲ್ಲಿ ನವಜಾತ ಮಾನವನ ಮಿದುಳು ಅಸಾಧಾರಣವಾಗಿ ಹಿಂದುಳಿದದ್ದಲ್ಲ, ಹುಟ್ಟಿದ ಮೇಲಿನ ಬೆಳವಣಿಗೆ ಹೆಚ್ಚು, ಅಷ್ಟೆ. ಇಲ್ಲಿ ನಾಯಿಮರಿಯನ್ನು ನೆನೆಯಿರಿ. ಸುಮಾರು 63 ದಿನಕ್ಕೆ ಹುಟ್ಟಿ, ಎರಡು ವಾರ ಕಣ್ಣೇ ಬಿಡದ ಅದರ ಸಾಲಿಗೆ ಕಣ್ಣು ತೆರೆದೇ ಹುಟ್ಟುವ ನಮ್ಮ ಕೂಸನ್ನು ಸೇರಿಸುವುದು ಸರಿಯಲ್ಲ.

ಹಾಗೆಂದು ಶ್ರೋಣಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೆರಿಗೆಯಲ್ಲಿ ಮಗುವಿನ ತಲೆ ಸಿಕ್ಕಿಕೊಳ್ಳುವುದು ನಿಜವಾದ ಅಪಾಯ. ಆದರೆ ಹೆರಿಗೆ ಕಷ್ಟವೆಂಬುದು ಒಂದು ಸಂಗತಿ, ಆ ಕಷ್ಟಕ್ಕಾಗಿ ಗರ್ಭಾವಧಿಯೇ ಮೊಟಕಾಯಿತೆಂಬುದು ಇನ್ನೊಂದು. ಎರಡನೆಯದಕ್ಕೆ ಪುರಾವೆ ಬಡವಾಗಿದೆ. ಗರ್ಭಾವಧಿಯ ಮಿತಿ ತಾಯಿಯ ಚಯಾಪಚಯ ಶಕ್ತಿಯಲ್ಲಿದೆ ಎಂದು 2012ರಲ್ಲಿ ಹಾಲಿ ಡನ್ಸ್‌ವರ್ತ್ ತಂಡ ವಾದಿಸಿತು. ಅದೂ ಕೊನೆಯ ಮಾತಲ್ಲ. ತೂಕದ ಹೋಲಿಕೆಗೂ ಮಿತಿಯಿದೆ: ಕರು ಎದ್ದು ನಿಲ್ಲುವುದರಲ್ಲಿ ಸ್ನಾಯು, ಮೂಳೆ, ಬೆನ್ನುಹುರಿಗಳ ಪಾಲೂ ಉಂಟು. ಅದನ್ನು ಮಿದುಳಿನ ಗ್ರಾಂ ಲೆಕ್ಕ ಹೇಳಲಾರದು.