ಭಾರತ ಕಥೆಯ ನಾಯಕ: ಪಂಪನಿಂದ ಶ್ರೀಯವರೆಗೆ

ಗದಾಯುದ್ಧದ ನಾಯಕನಾರೆಂಬ ಪ್ರಶ್ನೆ ನಮ್ಮ ಕಾಲೇಜುಗಳಿಗೆ ಹೊಸದಲ್ಲ. ರನ್ನನು ಹೆಸರಿಗೆ ಭೀಮನನ್ನು ನಾಯಕನನ್ನಾಗಿ ಮಾಡಿದನು, ಅವನ ಹೃದಯವೆಲ್ಲ ದುರ್ಯೋಧನನ ಕಡೆಗೇ ಇದ್ದಿತು ಎಂಬ ಉತ್ತರ ವಿದ್ಯಾರ್ಥಿಗಳಿಗೆ ಕಂಠಪಾಠವಾಗಿದೆ. ಈ ಉತ್ತರ ಎಷ್ಟರಮಟ್ಟಿಗೆ ರನ್ನನದು, ಎಷ್ಟರಮಟ್ಟಿಗೆ ನಮ್ಮ ಕಾಲದ್ದು ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಅಭೇದವಾಗಿ ಕಂಡನು. ಅದಕ್ಕೆ ತಕ್ಕಂತೆ ಕಥೆಯೂ ಮಾರ್ಪಟ್ಟಿತು: ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು; ಕೊನೆಗೆ ಪಟ್ಟವೂ ಅವನಿಗೇ ಸಂದಿತು. ಇದನ್ನು ಕೇವಲ ಮುಖಸ್ತುತಿಯೆಂದು ತಳ್ಳಿಹಾಕಲಾಗದು. ಶೌರ್ಯ, ತ್ಯಾಗ, ಒಡೆಯನಲ್ಲಿ ನಿಷ್ಠೆ ಇವು ಆ ಸಾಮಂತ ಸಮಾಜದ ಪರಮ ಮೌಲ್ಯಗಳಾಗಿದ್ದುವು. ಉಂಡ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಜೋಳವಾಳಿಯ ಧರ್ಮವನ್ನು ಮೆಚ್ಚಿದ ಆ ಜನಕ್ಕೆ, ಎದುರು ಪಕ್ಷದಲ್ಲಿದ್ದರೂ ಕರ್ಣನು ಪೂಜ್ಯನಾಗಿ ತೋರಿದುದು ಸಹಜವೇ ಆಗಿದೆ.

ರನ್ನನು ಮುಂದಿನ ತಲೆಮಾರಿನವನು. ಈ ನಡುವೆ, 973ರಲ್ಲಿ, ರಾಷ್ಟ್ರಕೂಟರನ್ನು ಕೆಡಹಿ ಚಾಲುಕ್ಯ ತೈಲಪನು ಮರಳಿ ರಾಜ್ಯವನ್ನು ಕಟ್ಟಿದ್ದನು. ಅವನ ಮಗ ಸತ್ಯಾಶ್ರಯನನ್ನು ಕವಿ ಭೀಮನೊಡನೆ ಸಮೀಕರಿಸಿದನು. ಸಮಯ ಬರುವವರೆಗೆ ಅವಮಾನವನ್ನು ನೆನಪಿನಲ್ಲಿಟ್ಟು, ಆಡಿದ ಪ್ರತಿಜ್ಞೆಯನ್ನು ನೆರವೇರಿಸುವ ವೀರನು, ಕಳೆದ ರಾಜ್ಯವನ್ನು ಮರಳಿ ಪಡೆದ ವಂಶಕ್ಕೆ ಒಪ್ಪುವ ನಾಯಕನೆಂದು ನಮಗೆ ತೋರುತ್ತದೆ. ಆದರೂ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ಕರ್ಣನಿಗಾಗಿ, ದುಶ್ಶಾಸನನಿಗಾಗಿ ಮರುಗುವ, ಶತ್ರುವಿನ ಮಗನಾದ ಅಭಿಮನ್ಯುವಿನ ಸಾಹಸವನ್ನೂ ಮೆಚ್ಚುವ ದುರ್ಯೋಧನನೂ ಅದೇ ಕಾವ್ಯದಲ್ಲಿದ್ದಾನೆ.

ಹಾಗಾದರೆ ಕವಿ ತನ್ನ ನಾಯಕನಿಗೆ ಎರಡೆಣಿಸಿದನೇ? ಹಾಗೆಂದು ನಾವು ಭಾವಿಸುವುದಿಲ್ಲ. ಶತ್ರುವಿನ ಕುಲ, ಪರಾಕ್ರಮ, ವಿದ್ಯೆಗಳನ್ನು ವರ್ಣಿಸಿ, ಅಂತಹವನನ್ನು ಗೆದ್ದನೆಂದು ನಾಯಕನ ಉತ್ಕರ್ಷವನ್ನು ಹೇಳುವ ಮಾರ್ಗವನ್ನು ದಂಡಿ ಕಾವ್ಯಾದರ್ಶದಲ್ಲಿ ಎತ್ತಿಹಿಡಿದಿದ್ದಾನೆ. ಪ್ರತಿನಾಯಕನ ಹಿರಿಮೆ ನಾಯಕನ ಗೆಲವಿಗೆ ತೂಕವನ್ನು ಕೊಡುತ್ತದೆ. ರನ್ನನು ಈ ಮಾರ್ಗದಲ್ಲಿ ನಡೆದು, ಅದರ ಎಲ್ಲೆಯವರೆಗೂ ಹೋದನು; ಆದರೆ ಅದನ್ನು ದಾಟಿದನೆನ್ನಲು ಆಧಾರವಿಲ್ಲ. ಅವನ ಕಾವ್ಯ ಮುಗಿಯುವುದು ಭೀಮನ ಪಟ್ಟಾಭಿಷೇಕದಲ್ಲಿ.

15ನೆಯ ಶತಮಾನದ ಕುಮಾರವ್ಯಾಸನಲ್ಲಿ ಈ ಸ್ಪರ್ಧೆಯೇ ಅಳಿಯಿತು. ಗದುಗಿನ ವೀರನಾರಾಯಣನ ಭಕ್ತನಾದ ಆತನಿಗೆ ಭಾರತವು ಕೃಷ್ಣಕಥೆ. ಅಲ್ಲಿ ಗೆದ್ದವರೂ ಬಿದ್ದವರೂ ಆ ಸೂತ್ರಧಾರನ ಕೈಯೊಳಗಿನವರು.

ಬಿ. ಎಂ. ಶ್ರೀಕಂಠಯ್ಯನವರ ಗದಾಯುದ್ಧ ನಾಟಕಂ 1926ರಲ್ಲಿ ಹೊರಬಂದಿತು. ರನ್ನನ ಮಾತುಗಳನ್ನೇ ಆಯ್ದು ಜೋಡಿಸಿದರೂ, ಗ್ರೀಕ್ ರುದ್ರನಾಟಕಗಳ ಪರಿಚಯದಿಂದ ಹದಗೊಂಡ ಅವರ ದೃಷ್ಟಿ ದುರ್ಯೋಧನನ ಪತನವನ್ನೇ ನಡುವಿಗೆ ತಂದಿತು. ತನ್ನ ದೋಷದಿಂದಲೇ ಬಿದ್ದರೂ ಬೀಳುವಾಗ ಕುಗ್ಗದ ಮಹಾಪುರುಷನು ಆ ತಲೆಮಾರಿನ ವಿದ್ಯಾವಂತರ ನಾಯಕನಾದನು. ಹೀಗೆ, ಗೆಲವನ್ನು ನಾಯಕತ್ವದ ಗುರುತೆಂದು ಬಗೆದಿದ್ದ ಸಂಪ್ರದಾಯದ ಪಕ್ಕದಲ್ಲಿ, ಸೋಲಿನ ಘನತೆಯೂ ನಾಯಕತ್ವದ ಗುರುತಾಗಿ ನಿಂತಿತು. ಅಲ್ಲಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1979ರ ಭೈರಪ್ಪನವರ ಪರ್ವದಲ್ಲಿ, ಯಾರೂ ನಾಯಕರಾಗಿ ಉಳಿಯಲಿಲ್ಲ. ದೈವತ್ವವನ್ನೂ ಅತಿಮಾನುಷತೆಯನ್ನೂ ಕಳಚಿಟ್ಟ ಮನುಷ್ಯರು ಮಾತ್ರ ಉಳಿದರು.

ಪ್ರತಿಯೊಂದು ತಲೆಮಾರೂ ತನಗೆ ಬೇಕಾದ ನಾಯಕನನ್ನು ಹಳೆಯ ಕಥೆಯಿಂದ ಆರಿಸಿಕೊಳ್ಳುವುದು ಜೀವಂತ ಸಾಹಿತ್ಯದ ಲಕ್ಷಣ. ಶ್ರೀಯವರು ಕವಿಯಾಗಿ ಆ ಸ್ವಾತಂತ್ರ್ಯವನ್ನು ವಹಿಸಿದುದು ಸರ್ವಥಾ ಯುಕ್ತವಾಗಿದೆ. ವಿಮರ್ಶಕನಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಶ್ರೀಯವರ ಕಣ್ಣಿನಿಂದ ರನ್ನನನ್ನು ಓದಿ, ಕಂಡುದನ್ನು ರನ್ನನ ಹೃದಯವೆಂದು ಸಾರಿದರೆ, ಇಬ್ಬರಿಗೂ ಅನ್ಯಾಯವಾಗುತ್ತದೆ: ರನ್ನನು ಅಪ್ರಾಮಾಣಿಕ ಆಸ್ಥಾನಕವಿಯಾಗುತ್ತಾನೆ, ಶ್ರೀಯವರು ಹೊಸದೇನನ್ನೂ ಮಾಡದವರಾಗುತ್ತಾರೆ.

ಆದುದರಿಂದ ಅಧ್ಯಾಪಕರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದು ಲೇಸು: ಈ ಕಾವ್ಯ ಯಾರನ್ನು ನಾಯಕನೆಂದು ನಿಲ್ಲಿಸಿದೆ? ಇಂದು ನಮ್ಮ ಮನಸ್ಸು ಯಾರ ಕಡೆಗೆ ಒಲಿಯುತ್ತದೆ? ಎರಡಕ್ಕೂ ಒಂದೇ ಉತ್ತರ ಬರಬೇಕೆಂಬ ನಿಯಮವಿಲ್ಲ. ಅವುಗಳ ನಡುವಣ ಅಂತರವನ್ನು ಅಳೆಯಬಲ್ಲ ವಿದ್ಯಾರ್ಥಿಗೆ ಹಳೆಯ ಕಾವ್ಯವೂ ತನ್ನ ಕಾಲವೂ ಒಟ್ಟಿಗೇ ಅರ್ಥವಾಗುತ್ತವೆ.