ಆಳಿನ ಕಣ್ಣಲ್ಲಿ ಎಂಬತ್ತು ದಿನ

"ಆಟಕ್ಕೆ ಕತೆ ಬರೆದರೆ ಹೊಟ್ಟೆ ತುಂಬುತ್ತದೇನೋ?" ಎಂದು ನಾನು ಮಗನನ್ನು ಕೇಳಿದ್ದು ಆಷಾಢದ ಒಂದು ಸಂಜೆ. ಕೊಪ್ಪದಲ್ಲಿ ಮೂರು ದಿನದಿಂದ ಜಡಿಮಳೆ, ಕರೆಂಟಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ವಿಡಿಯೋ ಗೇಮುಗಳಿಗೆ ಕತೆ ಬರೆಯುತ್ತೇನೆಂದು ಅವನು ಹೇಳಿದಾಗ ಒಲೆಯ ಮೇಲಿನ ಹಲಸಿನ ಹಪ್ಪಳ ಕರಿದು ಕಪ್ಪಾಯಿತು. ಅವನು ವಾದಿಸಲಿಲ್ಲ. ತನ್ನ ಟ್ಯಾಬನ್ನು ನನ್ನ ಕೈಗಿತ್ತು, "ಇದನ್ನು ಓದು, ಆಮೇಲೆ ಬೈಯಿ ಅಮ್ಮ" ಎಂದ. ಆಡು ಎನ್ನಲಿಲ್ಲ, ಓದು ಎಂದ. ಅಲ್ಲಿಗೇ ನಾನು ಅರ್ಧ ಸೋತೆ.

ಆಟದ ಹೆಸರು '80 ಡೇಸ್'. ಇಂಗ್ಲೆಂಡಿನ ಇಂಕಲ್ ಎಂಬ ಸಣ್ಣ ಸಂಸ್ಥೆ 2014ರಲ್ಲಿ ಹೊರತಂದದ್ದು. ಜೂಲ್ಸ್ ವರ್ನನ ಎಂಬತ್ತು ದಿನಗಳ ಭೂಪ್ರದಕ್ಷಿಣೆಯೇ ಇದರ ಮೂಲ. ಸಂಸ್ಥೆಯ ಜಾನ್ ಇಂಗೋಲ್ಡ್ ಅವರ ಕೈಯೂ ಇದರಲ್ಲಿದೆ. ಆದರೆ ಬರಹದ ದೊಡ್ಡ ಪಾಲು ಭಾರತ ಮೂಲದ ಮೇಘನಾ ಜಯಂತ್ ಅವರದು. ಹೆಸರು ಕೇಳಿದರೆ ನನ್ನ ಹಾಜರಿ ಪುಸ್ತಕದಲ್ಲೇ ಇದ್ದಂತಿದೆ! ಸುಮಾರು 5 ಲಕ್ಷ ಪದಗಳ ಬರಹ ಅದು. 'ಟೈಮ್' ಪತ್ರಿಕೆ ಆ ವರ್ಷದ ಅತ್ಯುತ್ತಮ ಆಟವೆಂದು ಅದನ್ನೇ ಆರಿಸಿತು.

ವರ್ನನ ಕತೆಯನ್ನು ನಾನು ಸಂಕ್ಷಿಪ್ತ ರೂಪದಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಫಾಗ್ ಎಂಬ ಸಾಹೇಬ, ಪಾಸ್‌ಪಾರ್ಟೂ ಎಂಬ ಆಳು. ಭಾರತದಲ್ಲಿ ರೈಲುಹಳಿ ಅರ್ಧಕ್ಕೇ ನಿಂತಿರುತ್ತದೆ, ಆನೆ ಕೊಳ್ಳುತ್ತಾರೆ, ಔದಾ ಎಂಬ ವಿಧವೆಯನ್ನು ಚಿತೆಯಿಂದ ಪಾರು ಮಾಡುತ್ತಾರೆ. ಚಿತೆಯ ಮೇಲೆ ಸತ್ತ ರಾಜನಂತೆ ಎದ್ದು ನಿಂತು ಅವಳನ್ನು ಎತ್ತಿ ತಂದವನು ಆಳು, ಮದುವೆಯಾದವನು ಸಾಹೇಬ! ಪಾಠ ಹೇಳುವಾಗ ಇದು ನನಗೆ ಹೊಳೆದಿರಲಿಲ್ಲ.

ಮೇಘನಾ ಅವರ ಆಟದಲ್ಲಿ ನಾವು ಸಾಹೇಬರಲ್ಲ, ಆಳು. ಪೆಟ್ಟಿಗೆ ಕಟ್ಟುವುದು, ಹಡಗು ಹುಡುಕುವುದು, ದುಡ್ಡಿನ ಲೆಕ್ಕ, ಯಜಮಾನನ ಆರೈಕೆ, ಎಲ್ಲ ನಮ್ಮ ತಲೆಯ ಮೇಲೆ. ಕಾಲ 1872, ಆದರೆ ಯಂತ್ರಗಳು ತುಂಬಿದ ಬೇರೆಯೇ ಒಂದು 1872. ಬಿಳಿಯರ ಕೈಕೆಳಗಿದ್ದ ನಾಡುಗಳೂ ಇಲ್ಲಿ ತಮ್ಮದೇ ಯಂತ್ರ ಕಟ್ಟಿಕೊಂಡು ತಲೆಯೆತ್ತಿವೆ. ಹೆಂಗಸರು ಎಂಜಿನಿಯರುಗಳು, ಹಡಗಿನ ನಾಯಕಿಯರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಅವರವರ ಕೆಲಸವಿದೆ. ನಮಗಾಗಿ ಕಾದು ಕುಳಿತವರಲ್ಲ. ಕೇಳಿದ್ದಕ್ಕೆ ಉತ್ತರ ಕೊಡದೆ ಹೋಗಿಬಿಡುವವರೂ ಉಂಟು. ನಾಯಕನ ಸೇವೆಗೆಂದೇ ಉಳಿದ ಪಾತ್ರಗಳನ್ನು ಹುಟ್ಟಿಸಬಾರದೆಂದು ಅವರು 2016ರಲ್ಲಿ ಒಂದು ಉಪನ್ಯಾಸದಲ್ಲಿ ವಾದಿಸಿದರು. ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಬರೆದು, ನಾಯಿಗುತ್ತಿಯಂಥ ಆಳಿಗೆ ಒಡೆಯರಿಗಿಂತ ದೊಡ್ಡ ದಾರಿಯನ್ನೇ ತೆರೆದುಕೊಟ್ಟರಲ್ಲ, ನನಗೆ ನೆನಪಾದದ್ದು ಅದು.

ಆದರೂ ನನ್ನ ಕೆಂಪು ಪೆನ್ನು ಸುಮ್ಮನಿರಲಿಲ್ಲ. ಊರು ಯಾವುದೇ ಇರಲಿ, ಎಲ್ಲರೂ ಒಬ್ಬಳೇ ಓದಿದ ಹೆಂಗಸಿನ ಹಾಗೆ ಚುರುಕಾಗಿ ಮಾತಾಡುತ್ತಾರೆ. ಶೃಂಗೇರಿಯ ಕಡೆ ಮಳೆಗಾಲದ ತಾಳಮದ್ದಲೆಗಳನ್ನು ಕೇಳಿ ಬೆಳೆದ ಕಿವಿ ನನ್ನದು. ಅಲ್ಲಿ ಪ್ರಸಂಗ ಮೊದಲೇ ಗೊತ್ತು, ವಾಲಿ ಸಾಯಲೇಬೇಕು. ಆದರೆ ವಾಲಿಯ ಮಾತೇ ಬೇರೆ, ಸುಗ್ರೀವನ ಮಾತೇ ಬೇರೆ. ಆ ಬೇರೆತನ ಇಲ್ಲಿ ಸಾಲದು. ಇನ್ನೊಂದು, ಗಡಿಯಾರ. ಒಂದು ಒಳ್ಳೆಯ ಮಾತು ಶುರುವಾಗುವಷ್ಟರಲ್ಲಿ ಹಡಗು ಹೊರಟಿರುತ್ತದೆ. ಒಂದು ಆಟದಲ್ಲಿ ಓದಸಿಗುವುದು ಒಟ್ಟು ಬರಹದ ಸಣ್ಣದೊಂದು ಚೂರು. ಬರೆದವರಿಗೆ ಸಂಕಟವಾಗದೆ? ಅರ್ಥಧಾರಿಯಾದರೆ ಆಡಿ ಮರೆಯುತ್ತಾನೆ. ಇವರು ಯಾವ ದಾರಿಗೂ ಮಾತು ಬರೆದಿಟ್ಟು, ಯಾರೋ ಆ ದಾರಿಗೆ ಬರಲಿ ಎಂದು ಕಾಯಬೇಕು. ನಾನು ಎರಡು ಸಲ ತಡವಾಗಿ ಲಂಡನ್ ಮುಟ್ಟಿದೆ. ಮೂರನೆಯ ಸಲ ಬೇಕೆಂದೇ ತಡಮಾಡಿದೆ.

ಮೇಘನಾ ಆಮೇಲೆ 'ಸನ್‌ಲೆಸ್ ಸೀ'ಗೆ ಬರೆದರು. 2021ರ 'ಸೇಬಲ್' ಕೂಡ ಅವರದೇ ಬರಹ. ಬೇರೆ ಬೇರೆಯವರ ಆಟಗಳಿಗೆ ಹೋಗಿ ಬರೆದುಕೊಟ್ಟು ಬರುವ ಬಾಳು. ನನ್ನ ಅಳುಕೂ ಅಲ್ಲೇ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಹುಟ್ಟಿತು. ಆದರೆ ಅದು ಹೆಸರು ಮಾಡಿದ್ದು ಪರದೇಶದ ಆಟಗಳಿಗೆ ಚಿತ್ರ ಬರೆದುಕೊಟ್ಟು. ಕತೆ ಅಲ್ಲಿಯದು, ಬಣ್ಣ ನಮ್ಮದು. 2023, 2024ರಲ್ಲಿ ಲೋಕದಾದ್ಯಂತ ಈ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು ಎಂದು ಹೇಳಿದವನೂ ಮಗನೇ. ಮುಚ್ಚಿಡಲಿಲ್ಲ, ಅದು ಅವನ ಒಳ್ಳೆಯತನ.

ಬಸ್ಸಿಗೆ ಹೊರಟಾಗ, "ಏನಂತೀಯಮ್ಮ?" ಎಂದ.

"ಕೆಲಸ ಬಿಡುವ ಮೊದಲು ಒಂದು ಕತೆ ಬರಿ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರನದಾದರೂ ಸರಿ. ಪ್ರಯಾಣಿಕರೆಲ್ಲ ಒಂದೇ ಥರ ಮಾತಾಡಬಾರದು" ಎಂದೆ.

ನಾಲ್ಕು ಪುಟ ಬಂದಿದೆ. ಕಂಡಕ್ಟರ್ ಚೆನ್ನಾಗಿದ್ದಾನೆ. ಅಡಿಕೆ ಮೂಟೆಯ ಮುದುಕಿ ಮಾತ್ರ ಇನ್ನೂ ನನ್ನ ಹಾಗೇ ಮಾತಾಡುತ್ತಾಳೆ.