ಏಕಲವ್ಯನ ಕೈಗೆ ಬಿಲ್ಲು ಕೊಟ್ಟವರು ಯಾರು?

ಏಕಲವ್ಯನ ಕತೆ ಹೇಳದ ಮೇಷ್ಟ್ರು ನಮ್ಮಲ್ಲಿ ಇಲ್ಲ. ಕತೆ ಮುಗಿದ ಮೇಲೆ ಕೇಳುವ ಪ್ರಶ್ನೆಯೂ ಒಂದೇ: ‘ಇದರಿಂದ ತಿಳಿಯುವ ನೀತಿ ಏನು?’ ಮಕ್ಕಳು ಒಕ್ಕೊರಲಿನಿಂದ ‘ಗುರುಭಕ್ತಿ’ ಅಂತಾರೆ. ಕಡಿದ ಹೆಬ್ಬೆರಳಿನ ರಕ್ತ ಒರೆಸಿಹಾಕೋಕೆ ಈ ಒಂದು ಮಾತು ಸಾಕಾಗಿದೆ. ಸರ್ಕಾರವೂ ಹಿಂದೆ ಬಿದ್ದಿಲ್ಲ. 1985ರಿಂದ ಕ್ರೀಡಾ ಗುರುಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತಾ ಬಂದಿದೆ. ಬಿಲ್ಲುಗಾರಿಕೆ ಕಲಿಸಿದವರಿಗೂ ಅದೇ ಹೆಸರಿನ ಪ್ರಶಸ್ತಿ!

ಬೆರಳಿನ ಬಗ್ಗೆ ನಮ್ಮ ಚಳವಳಿ ಬೇಕಾದಷ್ಟು ಬರೆದಿದೆ, ಹಾಡಿದೆ. ಅದಕ್ಕಿಂತ ಹಿಂದಿನ ಪ್ರಶ್ನೆಯೊಂದು ಹಾಗೇ ಉಳಿದಿದೆ. ದ್ರೋಣನ ಬಾಗಿಲಿಗೆ ಬರುವ ಮುಂಚೆ ಈ ಹುಡುಗನಿಗೆ ಬಿಲ್ಲು ಹಿಡಿಯೋದನ್ನ ಕಲಿಸಿದವರು ಯಾರು?

ಆದಿಪರ್ವ ತೆಗೆದು ನೋಡಿ. ಅಲ್ಲಿ ಬೇಟೆಗೆ ಹೊರಟವರು ಪಾಂಡವರು. ದ್ರೋಣನ ಅಪ್ಪಣೆ ಪಡೆದು ರಥ ಏರಿದ್ದಾರೆ. ಹಿಂದೆ ಸಾಮಾನು ಹೊತ್ತು, ನಾಯಿ ಹಿಡಿದು ಬರುವ ಒಬ್ಬ ಆಳು. ಅವನಿಗೆ ಹೆಸರಿಲ್ಲ. ನಾಯಿ ಕಾಡೊಳಗೆ ನುಗ್ಗಿ, ಮೈಗೆಲ್ಲ ಮಣ್ಣು ಮೆತ್ತಿದ, ಕೃಷ್ಣಮೃಗದ ತೊಗಲು ಉಟ್ಟ ಕಪ್ಪು ಹುಡುಗನನ್ನು ಕಂಡು ಬೊಗಳುತ್ತದೆ. ಅವನು ಅದರ ಬಾಯಿಗೆ ಏಳು ಬಾಣ ತುಂಬುತ್ತಾನೆ. ಅರಮನೆಯ ಮಕ್ಕಳಿಗೆ ಬೇಟೆ ಎನ್ನುವುದು ವಿದ್ಯಾಭ್ಯಾಸದ ನಡುವಿನ ವಿಹಾರ. ನಿಷಾದನ ಮಗ ಅದೇ ಕಾಡಿನಲ್ಲಿ ಅದೇ ಬಾಣ ಬಿಟ್ಟದ್ದಕ್ಕೆ ಬೆರಳು ತೆರಬೇಕಾಯಿತು. ಗುರುಭಕ್ತಿಯ ಪಾಠ ಹೇಳುವವರು ಪಾಂಡವರ ಬೇಟೆಯನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ, ಏಕಲವ್ಯನ ಬೇಟೆಯನ್ನಂತೂ ಎತ್ತುವುದೇ ಇಲ್ಲ.

ನಮ್ಮ ಬಂಗಾರಪೇಟೆ ಸೀಮೆಗೆ ಬನ್ನಿ. ಬೂದಿಕೋಟೆ ಕಡೆಯಾಗಲಿ ಕಾಮಸಮುದ್ರದ ಕಡೆಯಾಗಲಿ, ಬಡವರ ಮಕ್ಕಳಿಗೆ ಬೇಟೆ ಅಂದರೆ ಹುಲಿ ಅಲ್ಲ, ಇಲಿ. ರಾಗಿ ಕೊಯ್ಲು ಮುಗಿದ ಹೊಲಕ್ಕೆ ತಾತ ಮೊಮ್ಮಗನನ್ನ ಕರ್ಕೊಂಡು ಹೋಗಿ ಬಿಲ ತೋರಿಸ್ತಾನೆ. ಯಾವ ಬಿಲದ ಬಾಯಲ್ಲಿ ಮಣ್ಣು ಹಸಿಯಾಗಿದೆ, ಯಾವುದಕ್ಕೆ ಜೇಡ ಬಲೆ ಕಟ್ಟಿದೆ, ಇಲಿ ತಪ್ಪಿಸಿಕೊಳ್ಳುವ ಇನ್ನೊಂದು ಬಾಯಿ ಎಲ್ಲಿದೆ ಅಂತ ನೋಡೋದು ಮೊದಲ ಪಾಠ. ಒಂದು ಬಾಯಿಗೆ ಕಲ್ಲಿಟ್ಟು ಇನ್ನೊಂದರಿಂದ ಹೊಗೆ ಊದೋದು ಎರಡನೇದು. ಅಗೆದರೆ ಇಲಿಯ ಜೊತೆಗೆ ಅದು ಬಚ್ಚಿಟ್ಟ ತೆನೆಯೂ ಸಿಗುತ್ತೆ. ಒಡೆಯನ ಹೊಲದಲ್ಲಿ ಬೆಳೆದದ್ದರಲ್ಲಿ ಆಳಿನ ಮನೆಗೆ ಬಂದ ಪಾಲು ಎಷ್ಟೋ ಸಲ ಇಷ್ಟೇ.

ಯುಗಾದಿಯ ಮೊಲದ ಬೇಟೆಯೂ ಒಂದಿತ್ತು. ದೊಡ್ಡವರು ಬಲೆ ಕಟ್ಟಿಕೊಂಡು ಕೂರೋರು. ಹುಡುಗರು ಪೊದೆ ಬಡಿದು, ಕೂಗು ಹಾಕಿ, ಮೊಲವನ್ನ ಬಲೆಯ ಕಡೆ ಅಟ್ಟಬೇಕು. ಗಾಳಿ ಯಾವ ಕಡೆಯಿಂದ ಬೀಸ್ತಾ ಇದೆ, ಯಾವಾಗ ಕೂಗಬೇಕು, ಯಾವಾಗ ಉಸಿರು ಹಿಡಿದು ಕೂರಬೇಕು, ಎಲ್ಲಾ ಅಲ್ಲೇ ಕಲಿಕೆ. ಪಾಲು ಹಾಕುವಾಗ ಅಟ್ಟಿದ ಹುಡುಗನನ್ನ ಮರೆಯುವಂತಿಲ್ಲ, ನಾಯಿಯನ್ನೂ ಮರೆಯುವಂತಿಲ್ಲ. ಕಣ್ಣು, ಕಿವಿ, ತಾಳ್ಮೆ, ಪಾಲಿನ ನ್ಯಾಯ ಇಷ್ಟನ್ನೂ ಕಲಿಸುವುದು ಶಾಲೆಯಲ್ಲವೆ? ಏಕಲವ್ಯ ಮಣ್ಣಿನ ಗೊಂಬೆಯಿಂದ ಕಲಿತ ಅನ್ನುವ ಪವಾಡದ ಕತೆ ಯಾಕೆ ಬೇಕಾಯಿತು ಅಂದರೆ ಈ ಶಾಲೆಯನ್ನು ಮುಚ್ಚಿಡಲಿಕ್ಕೆ. ಕಲಿಸಿದ ಅಪ್ಪ ಹಿರಣ್ಯಧನುವನ್ನು ಬದಿಗೆ ಸರಿಸಿ, ಕಲಿಸದ ದ್ರೋಣನಿಗೆ ಕೀರ್ತಿ ಕೊಟ್ಟರು.

ನಮ್ಮ ದೊಡ್ಡ ನಾಟಕಕಾರರೂ ಇಲ್ಲಿ ಎಡವಿದ್ದಾರೆ. ಟಿ.ಪಿ. ಕೈಲಾಸಂ ಇಂಗ್ಲಿಷಿನಲ್ಲಿ ಬರೆದ ‘ದಿ ಪರ್ಪಸ್’ ನಾಟಕದಲ್ಲಿ (1944) ಅರ್ಜುನನಿಗೆ ಬೇಕಾದ್ದು ಜಗತ್ತಿನ ಮೊದಲ ಬಿಲ್ಲುಗಾರನೆಂಬ ಹೆಸರು. ಏಕಲವ್ಯನಿಗೆ ಬೇಕಾದ್ದು ತೋಳಗಳ ಬಾಯಿಂದ ಜಿಂಕೆಮರಿಗಳನ್ನು ಉಳಿಸುವ ವಿದ್ಯೆ. ಆ ಕಾಲಕ್ಕೆ ಇದು ದಿಟ್ಟ ಹೆಜ್ಜೆ, ಒಪ್ಪೋಣ. ಅರ್ಜುನನಿಗಿಂತ ಬೇಡರ ಹುಡುಗ ದೊಡ್ಡವನು ಎಂದು ಹೇಳಿದವರು ಎಷ್ಟು ಜನ? ಆದರೆ ಅವನನ್ನು ದೊಡ್ಡವನನ್ನಾಗಿ ಮಾಡೋಕೆ ಕೈಲಾಸಂ ಅವನ ಕೈಯಿಂದ ಬೇಟೆಯನ್ನೇ ಕಿತ್ತುಕೊಂಡರು. ಮಾಂಸ ತಿನ್ನುವ, ಬಲೆ ಹಾಕುವ ಏಕಲವ್ಯ ಸಭ್ಯರ ರಂಗಮಂದಿರಕ್ಕೆ ಸಲ್ಲುತ್ತಿರಲಿಲ್ಲ. ನಾವು ಮೇಲೇರಬೇಕಾದರೆ ಮೊದಲು ತೊಳೆದುಕೊಂಡು ಬರಬೇಕು ಅನ್ನುವ ಹಳೇ ಷರತ್ತು ಇದು. ಅಹಿಂಸೆಯನ್ನು ನಮಗೆ ಹೊರಗಿನವರು ತಂದುಕೊಡಬೇಕಿಲ್ಲ. ಅಯೋತ್ತಿದಾಸ ಪಂಡಿತರ ಬೌದ್ಧ ಸಂಘಕ್ಕೆ ಚಿನ್ನದ ಗಣಿಯ ಮಾರಿಕುಪ್ಪಂನಲ್ಲೇ ಶಾಖೆಯಿತ್ತು. ಅದು ಗಣಿಯ ಜನ ತಾವೇ ಆರಿಸಿಕೊಂಡ ದಾರಿ.

ಕುವೆಂಪು ‘ಬೆರಳ್‌ಗೆ ಕೊರಳ್’ (1947) ಬರೆದು ತೀರ್ಪನ್ನೇ ತಿರುಗಿಸಿದರು. ಬೆರಳು ಕೇಳಿದವನ ಕೊರಳು ಬಿತ್ತು. ಕಾಡಿನ ತಾಯಿಗೆ ಮಾತು ಬಂತು. ಕನ್ನಡದಲ್ಲಿ ದ್ರೋಣನನ್ನು ಕಟಕಟೆಯಲ್ಲಿ ನಿಲ್ಲಿಸಿದ ನಾಟಕ ಇದು, ಬಂಡಾಯದವರಾದ ನಮಗೆ ಆ ಋಣ ಇದೆ. ಆದರೂ ಕೊರಳು ಕತ್ತರಿಸಿದ್ದು ಕುರುಕ್ಷೇತ್ರದಲ್ಲಿ, ಅದೂ ರಾಜಪುತ್ರ ಧೃಷ್ಟದ್ಯುಮ್ನನ ಕತ್ತಿ. ನ್ಯಾಯವನ್ನು ಕರ್ಮದ ಲೆಕ್ಕಕ್ಕೆ ಬಿಟ್ಟರೆ ಬೆರಳು ಕಳಕೊಂಡವನು ನಾಳೆ ಬೆಳಗ್ಗೆ ಊಟಕ್ಕೆ ಏನು ಮಾಡಬೇಕು?

ಉಳ್ಳವರ ಬೇಟೆಗೆ ಈ ಮಡಿವಂತಿಕೆ ಇಲ್ಲ. ಕೆನೆತ್ ಆಂಡರ್ಸನ್ (1910–1974) ಬೇಟೆಯ ಹುಚ್ಚನ್ನು ಅಪ್ಪನಿಂದ ಪಡೆದು ಮಗ ಡೊನಾಲ್ಡ್‌ಗೆ ದಾಟಿಸಿದವರು. ನಮ್ಮ ಗಡಿಯಾಚೆ ಹೊಸೂರು ಸೀಮೆಯ ಜವಳಗಿರಿ ಕಾಡೆಲ್ಲ ಅವರ ಪುಸ್ತಕಗಳಲ್ಲಿದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ನಮ್ಮ ಹುಡುಗರೂ ಮುಗಿಬಿದ್ದು ಓದಿದರು. ಓದಲಿ, ಒಳ್ಳೇ ಪುಸ್ತಕಗಳೇ. ಆದರೆ ಅದರೊಳಗಿನ ಬೈರನನ್ನು ನೋಡಿ. ಆ ಪೂಜಾರಿ ಬುಡಕಟ್ಟಿನವನು ಹೆಜ್ಜೆ ಓದಿ ಹೇಳದಿದ್ದರೆ ಸಾಹೇಬರ ಬಂದೂಕಿಗೆ ಕಣ್ಣೇ ಇಲ್ಲ. ಆಂಡರ್ಸನ್ ಅದನ್ನ ಮುಚ್ಚಿಡಲಿಲ್ಲ, ಅದು ಅವರ ದೊಡ್ಡತನ. ಹಾಗಿದ್ದೂ ಲೈಸೆನ್ಸ್ ಇದ್ದವನು ಶಿಕಾರಿ, ಇಲ್ಲದವನು ಕಳ್ಳಬೇಟೆಗಾರ. ಬೈರನಿಗೆ ಕಲಿಸಿದ ಅಪ್ಪ ಯಾರು ಅಂತ ಕೇಳಿದ ವಿಮರ್ಶಕ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಹೇಳುವಾಗ ಕೆ.ಜಿ.ಎಫ್.ನ 1930 ನೆನಪಾಗುತ್ತದೆ. ಜಾನ್ ಟೇಲರ್ ಕಂಪನಿಯ ಗಣಿಗಳಿಗೆ ಇಳಿದವರಲ್ಲಿ ಬಹಳ ಮಂದಿ ಆರ್ಕಾಟು ಸೀಮೆಯಿಂದ ಬಂದ ತಮಿಳು ದಲಿತರು. ಆ ವರ್ಷ ಕೂಲಿಕಾರರ ಬೆರಳಚ್ಚು ತೆಗೆದಿಟ್ಟುಕೊಳ್ಳೋಕೆ ಹೊರಟರು. ಜನ ‘ಕೊಡೋದಿಲ್ಲ’ ಅಂದರು, ಮುಷ್ಕರ ಹೂಡಿದರು. ಏಕಲವ್ಯನ ಕತೆಗೆ ನಮ್ಮ ಜಿಲ್ಲೆಯಲ್ಲಿ ಬಂದ ಒಳ್ಳೆಯ ವಿಮರ್ಶೆ ಅದೇ ಅಂತ ನನಗನ್ನಿಸುತ್ತೆ. ಬರೆದವರು ಸಾಹಿತಿಗಳಲ್ಲ, ಅಷ್ಟೆ.

ಮತ್ತೆ ಬೇಟೆ ಶುರುಮಾಡಿ ಅಂತ ಯಾರೂ ಅರ್ಥ ಮಾಡ್ಕೋಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲಕ್ಕೆ ಬಲೆ ಹಾಕಿದರೂ ಜೈಲು. ಗಣಿ 2001ರಲ್ಲಿ ಮುಚ್ಚಿತು. ಆ ಸುತ್ತಿನ ಬಯಲಿನಲ್ಲಿ ಮೇಯುವ ಕೃಷ್ಣಮೃಗಗಳು ಉಳಿಯಲೇಬೇಕು. ಹಳ್ಳಿ ಶಾಲೆಯ ಮೇಷ್ಟ್ರುಗಳನ್ನ ನಾನು ಕೇಳಿಕೊಳ್ಳೋದು ಬೇರೆ. ಈ ಪಾಠ ಬಂದಾಗ ‘ನೀತಿ ಏನು’ ಅಂತ ಕೇಳುವ ಮುಂಚೆ, ನಿಮ್ಮ ಮನೇಲಿ ಹೆಜ್ಜೆ ಗುರುತು ಹಿಡಿಯಬಲ್ಲವರು ಯಾರಿದ್ದಾರೆ, ಅವರಿಗೆ ಕಲಿಸಿದವರು ಯಾರು ಅಂತ ಕೇಳಿ. ಕೈ ಬೇಗ ಮೇಲೇಳೋದಿಲ್ಲ. ಇಲಿ ತಿಂದೆ ಅಂತ ಒಂದು ಸಲ ಹೇಳಿ ನಗೆಪಾಟಲಾದ ಮಗು ಮತ್ತೆ ಬಾಯಿ ಬಿಡೋದಿಲ್ಲ. ನಗುವವರನ್ನ ಮೊದಲು ಸುಮ್ಮನಿರಿಸಿ. ಆಮೇಲೆ ಆದಿಪರ್ವದ ಕತೆ ಹೇಳಿ, ನಾಯಿ ಹಿಡಿದುಕೊಂಡು ಬಂದ ಆ ಆಳಿನಿಂದ ಶುರುಮಾಡಿ.